ಹಿತ್ತಲಲ್ಲಿ ಮೊಳ ಹಾಕಿದವಳು

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ' ಅನ್ನೋ ಗಾದೆ ನೀವೂ ಕೇಳಿರ್ತೀರಿ. ಪುಕ್ಕಟೆ ಸಿಕ್ಕ ಬಟ್ಟೆ ಎಷ್ಟುದ್ದ ಇದೆ ಅಂತ ಅಳೆದು ನೋಡೋಳಿಗೆ ಎಷ್ಟು ಸೊಕ್ಕು ಅನ್ನೋದು ಅದರ ಧ್ವನಿ. ನನಗೆ ಮಾತ್ರ ಈ ಗಾದೆ ಕೊಟ್ಟವರ ಮನೆಯಲ್ಲೇ ಹುಟ್ಟಿದ್ದು ಅನ್ಸತ್ತೆ. ಆ ದಟ್ಟಿಯನ್ನ ಉಡಬೇಕಾದವಳು ಅವಳು. ಸೊಂಟ ಸುತ್ತಿ ಬರುತ್ತೋ ಇಲ್ಲವೋ ಅಂತ ಅವಳಲ್ಲದೆ ಇನ್ಯಾರು ಅಳೀಬೇಕು?

ಮನೆ ಖಾಲಿ ಮಾಡೋದು ಈಗ ನಮ್ಮಂಥವರ ವಾರಾಂತ್ಯದ ಕೆಲಸ. ಮಾರಿ ಕೊಂಡೊ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ಆಕೆಯೇ ನೆಟ್‌ಫ್ಲಿಕ್ಸಿಗೂ ಬಂದರು. ವಸ್ತುವನ್ನ ಕೈಯಲ್ಲಿ ಹಿಡಿದು 'ಇದು ನನಗೆ ಖುಷಿ ಕೊಡುತ್ತಾ?' ಅಂತ ಕೇಳ್ಕೊಳ್ಳಿ ಅಂದರು. ಒಳ್ಳೇ ಪ್ರಶ್ನೆನೇ. ಆದರೆ ಅದು ಮನೆಯ ಹೊಸಿಲಿಗೇ ಮುಗಿದುಹೋಗುತ್ತೆ. ಹೊಸಿಲು ದಾಟಿದ ಮೇಲೆ ಆ ವಸ್ತು ಇನ್ನೊಬ್ಬರ ಮನೆಯಲ್ಲಿ ಏನು ಮಾಡುತ್ತೆ? ಈ ಎರಡನೇ ಪ್ರಶ್ನೆ ನಮ್ಮಲ್ಲಿ ಬಹಳ ಹಳೇದು.

ಕಠೋಪನಿಷತ್ತು ಶುರುವಾಗೋದೇ ಇಂಥ ಒಂದು ಪ್ರಸಂಗದಿಂದ. ನಚಿಕೇತನ ಅಪ್ಪ ಯಜ್ಞ ಮಾಡಿ ತನ್ನದನ್ನೆಲ್ಲ ದಾನ ಕೊಡ್ತಿದ್ದಾನೆ. ಕೊಡೋದು ಎಂಥ ಹಸುಗಳನ್ನ? ಕುಡಿಯೋ ನೀರು ಕುಡಿದಾಗಿದೆ, ಮೇಯೋ ಹುಲ್ಲು ಮೇದಾಗಿದೆ, ಹಾಲೂ ಬತ್ತಿಹೋಗಿದೆ. ಅಪ್ಪನ ಕೊಟ್ಟಿಗೆ ಖಾಲಿ ಆಯ್ತು, ಲೆಕ್ಕಕ್ಕೆ ಪುಣ್ಯವೂ ಬಂತು. ಮುದಿ ಹಸುವಿನ ಮೇವಿನ ಖರ್ಚು ಮಾತ್ರ ಇಸ್ಕೊಂಡವನ ತಲೆಗೆ. ಅದನ್ನ ನೋಡಿ ತಡಕೊಳ್ಳೋಕಾಗದೆ ಹುಡುಗ, ಹಾಗಾದ್ರೆ ನನ್ನನ್ನ ಯಾರಿಗೆ ಕೊಡ್ತೀಯ ಅಂತ ಅಪ್ಪನನ್ನೇ ಕೇಳಿದ. ಅವನು ಯಮನ ಮನೆ ಬಾಗಿಲಿಗೆ ಹೋಗೋ ಹಾಗಾಗಿದ್ದು ಆ ಪ್ರಶ್ನೆಯಿಂದಲೇ.

ನಮ್ಮೂರು ಹದಡಿ. ಅಲ್ಲಿಂದ ದಾವಣಗೆರೆ ದಾಟಿ ಹರಿಹರಕ್ಕೆ ಹೋದರೆ ಹರಿಹರೇಶ್ವರನ ಗುಡಿ ಇದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಅಲ್ಲಿ ಶಾಸನದ ಕಲ್ಲುಗಳಿಗೇನೂ ಕಮ್ಮಿ ಇಲ್ಲ. ನಮ್ಮ ನಾಡಿನ ಯಾವುದೇ ದಾನಶಾಸನ ಓದಿ ನೋಡಿ, ಅದು ಹೆಚ್ಚುಕಮ್ಮಿ ಇವತ್ತಿನ ರಿಜಿಸ್ಟ್ರಿ ಪತ್ರದ ಹಾಗಿರುತ್ತೆ. ಯಾರು ಕೊಟ್ಟರು, ಯಾರಿಗೆ, ಎಷ್ಟು ಭೂಮಿ, ನಾಲ್ಕೂ ದಿಕ್ಕಿನ ಗಡಿ ಯಾವುದು, ಅದರ ಹುಟ್ಟುವಳಿ ನಂದಾದೀಪಕ್ಕೋ ಅನ್ನಛತ್ರಕ್ಕೋ ಓದೋ ಹುಡುಗರಿಗೋ, ಎಲ್ಲಾ ಬರೆದಿರುತ್ತೆ. ಮನೆಯಲ್ಲಿ ಜಾಗ ಸಾಲದೆ ಮೂರು ಒಡಕು ದೀಪ ಕೊಟ್ಟೆ ಅಂತ ಯಾರೂ ಕಲ್ಲು ಕೆತ್ತಿಸಲಿಲ್ಲ. ದಾವಣಗೆರೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಅಂತ, ಸರ್ಕಾರಿ ಕಾಲೇಜಿಗೆ ಮೋತಿ ವೀರಪ್ಪ ಅಂತ ಹೆಸರಿದೆ. ಆ ಊರಲ್ಲಿ ದಾನ ಅಂದರೆ ಬೇರೆಯವರು ಉಪಯೋಗಿಸೋವಂಥದ್ದು.

ಹಾಗಾದ್ರೆ ಹಳೇ ಸಾಮಾನು ಏನಾಗ್ತಿತ್ತು? ಅದಕ್ಕೆ ಬೇರೆ ದಾರಿಗಳಿದ್ದವು. ನಮ್ಮಜ್ಜಿಯ ಸೀರೆ ಹರಿದರೆ ಮೊದಲು ಮನೆಯೊಳಗೇ ಇಳಿಯುತ್ತಿತ್ತು: ತೊಟ್ಟಿಲಿಗೆ, ಕೂಸಿನ ಬಟ್ಟೆಗೆ, ಆಮೇಲೆ ಕೌದಿಗೆ, ಕೊನೆಗೆ ಒಲೆ ಮೇಲಿನ ಪಾತ್ರೆ ಇಳಿಸೋ ಮಸಿಬಟ್ಟೆಗೆ. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದರೂ, ಹತ್ತು ಮೈಲಿ ಆಚೆಯ ಅಡುಗೆಮನೆಯಲ್ಲಿ ಬಟ್ಟೆ ಅಗ್ಗವಾಗಿರಲಿಲ್ಲ. ಚೆನ್ನಾಗಿ ಉಳಿದ ಬಟ್ಟೆ ಪಾತ್ರೆಯವಳ ಬುಟ್ಟಿಗೆ ಹೋಗ್ತಿತ್ತು. ಎರಡು ಪ್ಯಾಂಟು, ಒಂದು ಸೀರೆಗೆ ಒಂದು ಸ್ಟೀಲ್ ಡಬ್ಬಿ. ಪಾತ್ರೆಯವಳು ಜರಿ ಅಂಚನ್ನ ಬೆಳಕಿಗೆ ಹಿಡಿದು ನೋಡೋಳು, ತೂತು ತೋರಿಸೋಳು, 'ಇನ್ನೊಂದ್ ಹಾಕ್ರಿ ಯಕ್ಕಾ' ಅನ್ನೋಳು. ಅಜ್ಜಿನೂ ಬಿಡ್ತಿರಲಿಲ್ಲ. ಅರ್ಧ ಗಂಟೆ ಜಗಳ. ಅವಳು ಎಲ್ಲರ ಎದುರಿಗೆ, ಕಟ್ಟೆ ಮೇಲೆ ಕೂತೇ ಮೊಳ ಹಾಕಬಹುದಿತ್ತು. ಯಾಕಂದ್ರೆ ಅದು ವ್ಯಾಪಾರ. ಉಳಿದ ತಗಡು, ಕಬ್ಬಿಣ, ಪೇಪರ್ ಗುಜರಿಗೆ. ಅದಕ್ಕೂ ತಕ್ಕಡಿ ಇತ್ತು.

ಆ ಕಾಲವೇ ಚಂದ ಇತ್ತು ಅಂತ ಹೇಳ್ತಿಲ್ಲ. ಹೊಲದ ಕೆಲಸಕ್ಕೆ ಬರೋ ಹೆಣ್ಮಕ್ಕಳಿಗೆ ಹಳೇ ಸೀರೆ ಕೊಡೋ ಪದ್ಧತಿಯೂ ಇತ್ತು. ಅದನ್ನ ಅವರು ಸೆರಗೊಡ್ಡಿ ಇಸ್ಕೊಳ್ಳಬೇಕಿತ್ತು. 'ಇದು ಬ್ಯಾಡ್ರಿ' ಅನ್ನೋ ಹಾಗಿರಲಿಲ್ಲ. ಗಾದೆಯ ಹೆಣ್ಣು ಹಿತ್ತಲಿಗೆ ಹೋಗಿದ್ದು ಅದಕ್ಕೇ.

ತಮಗೆ ಬೇಕಾಗಿದ್ದನ್ನೇ ಕೊಟ್ಟವರೂ ಇದ್ದಾರೆ. 1934ರ ಫೆಬ್ರವರಿಯಲ್ಲಿ ಗಾಂಧಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮ, ಅವರು ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು. ಬಂದಾಗ ಮಾಂಗಲ್ಯದಂಥ ಒಂದೆರಡು ಬಿಟ್ಟು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಇನ್ನು ಗಾಂಧಿಗೆ ಸಭೆಗಳಲ್ಲಿ ಬರುತ್ತಿದ್ದ ಬಿನ್ನವತ್ತಳೆಯ ಚೌಕಟ್ಟು, ಕರಂಡಕಗಳು? ಅವರಿಗೆ ಅವು ಬೇಡದ ಸಾಮಾನು. ಅದನ್ನ ಯಾರ ತಲೆಗೂ ಕಟ್ಟದೆ ಅಲ್ಲೇ ವೇದಿಕೆ ಮೇಲೆ ಹರಾಜು ಕೂಗಿ, ಬಂದ ದುಡ್ಡನ್ನ ನಿಧಿಗೆ ಸೇರಿಸೋರು. ಬೇಕಾದವರ ಕೈಗೆ ವಸ್ತು, ನಿಧಿಗೆ ಹಣ.

ನಮ್ಮ ಕಾಲಕ್ಕೆ ಬರೋಣ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಹಳೇ ಬಟ್ಟೆ ಹೋಯ್ತು. ಯಾರೂ ಉಡಲಾಗದ ಆ ಬಟ್ಟೆ ರಸ್ತೆ ಪಕ್ಕ ರಾಶಿ ಬಿತ್ತು. ಮನೆ ಕಳ್ಕೊಂಡವರ ಊರೇ ನಮ್ಮ ತಿಪ್ಪೆ ಆಗಿತ್ತು. ಆ ರಾಶಿಯನ್ನ ವಿಂಗಡಿಸೋ ಕೆಲಸಕ್ಕೆ ಕೈಹಾಕಿದ್ದು ಗೂಂಜ್ ಸಂಸ್ಥೆ. 1999ರಲ್ಲಿ ಅಂಶು ಗುಪ್ತ 67 ಬಟ್ಟೆಗಳಿಂದ ಶುರು ಮಾಡಿದ್ದು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಪದ್ಧತಿ ಕೇಳಿದಾಗ ನನಗೆ ಪಾತ್ರೆಯವಳ ನೆನಪಾಯ್ತು. ಹಳ್ಳಿಯವರು ತಮಗೆ ಬೇಕಾದ ಕೆಲಸವನ್ನ ತಾವೇ ಆರಿಸಿ, ಬಾವಿಯನ್ನೋ ರಸ್ತೆಯನ್ನೋ ಮಾಡ್ಕೊಳ್ತಾರೆ. ಅದಕ್ಕೆ ಸಂಭಾವನೆಯಾಗಿ ಬಟ್ಟೆ, ಸಾಮಾನು ಸಿಗುತ್ತೆ. ಸೆರಗೊಡ್ಡೋ ಪ್ರಸಂಗ ಇಲ್ಲ.

ಹಾಗಾಗಿ ನಾನು ಈಗ ಮನೆ ಖಾಲಿ ಮಾಡೋವಾಗ ಮೂರು ಗುಡ್ಡೆ ಮಾಡ್ತೀನಿ. ಬೆಲೆ ಇರೋದು ಮಾರಾಟಕ್ಕೆ. ಪುಸ್ತಕ ಆದರೆ ಅವೆನ್ಯೂ ರೋಡಿಗೆ. ಸವೆದದ್ದು, ಮುರಿದದ್ದು ಗುಜರಿಗೆ. ಗುಜರಿಗೆ ಹಾಕೋದ್ರಲ್ಲಿ ಅವಮಾನ ಏನಿಲ್ಲ, ಅದರಿಂದ ಹೊಟ್ಟೆ ಹೊರೆಯೋರು ಇದ್ದಾರೆ. ಮೂರನೇ ಗುಡ್ಡೆಗೆ ಮಾತ್ರ ದಾನ ಅನ್ನೋ ಹೆಸರು. ಅದಕ್ಕೆ ಸೇರೋ ಅಂಗಿ ಒಗೆದು, ಗುಂಡಿ ಹಾಕಿ, ಇಸ್ತ್ರಿ ಆಗಿರಬೇಕು. ನಾಳೆ ಆಫೀಸಿಗೆ ನಾನೇ ಹಾಕ್ಕೊಂಡು ಹೋಗೋ ಹಾಗಿರಬೇಕು. ಕೊಡೋ ಮುಂಚೆ 'ನಿಮಗೆ ಇದು ಬೇಕಾ?' ಅಂತ ಕೇಳ್ತೀನಿ, 'ಬೇಡ' ಅಂದ್ರೆ ಸುಮ್ಮನಾಗ್ತೀನಿ.

ಮೂರನೇ ಗುಡ್ಡೆ ಯಾವಾಗಲೂ ಚಿಕ್ಕದಾಗೇ ಇರುತ್ತೆ. ಇರಲಿ ಬಿಡಿ. ಇಸ್ಕೊಂಡವರು ನಮ್ಮ ಎದುರಿಗೇ ಬಿಚ್ಚಿ, ಮೊಳ ಹಾಕಿ ನೋಡೋ ಹಾಗಿದ್ದರೆ ಸಾಕು.