ಹತ್ತಿಗಾಗಿ ಎಳೆದ ಗೆರೆ

ಭಟ್ಕಳದಿಂದ ಬೈಂದೂರಿಗೆ ಈಗ ಬೈಕಿನಲ್ಲಿ ಅರ್ಧ ಗಂಟೆ. 1862ರಿಂದ 1956ರ ತನಕ ಇದೇ ದಾರೀಲಿ ಹೋದವರು ಮುಂಬಯಿ ಪ್ರಾಂತ ಬಿಟ್ಟು ಮದ್ರಾಸಿಗೆ ಕಾಲಿಡ್ತಿದ್ರು. ಎರಡೂ ಕಡೆ ಕನ್ನಡವೇ. ಮತ್ಯಾಕೆ ಕೆನರಾ ಜಿಲ್ಲೆಯನ್ನು ಸೀಳಿದ್ರು?

ಹತ್ತಿಗಾಗಿ. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ವ್ಯಾಪಾರಿಗಳು ಅದನ್ನು ಕರೀತಿದ್ದದ್ದೇ ‘ಕುಮಟಾ ಹತ್ತಿ’ ಅಂತ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದ ಮೇಲೆ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು. ಆದರೆ ಹೊಲ ಮುಂಬಯಿ ಸರ್ಕಾರದ್ದು, ಬಂದರು ಮದ್ರಾಸಿನದು. ರಸ್ತೆ ಮಾಡೋರು ಯಾರು? ಕೊನೆಗೆ ಉತ್ತರ ಕನ್ನಡ ಮುಂಬಯಿಗೆ ಸೇರಿತು, ಕುಂದಾಪುರ ಮದ್ರಾಸಿನಲ್ಲೇ ಉಳೀತು. ಊರವರ ಅನುಕೂಲ ಆ ಲೆಕ್ಕದಲ್ಲಿ ಮುಖ್ಯವಾಗಿರಲಿಲ್ಲ.

ಆ ಹತ್ತಿಯೂ ನಿಲ್ಲಲಿಲ್ಲ. 1890ರ ಹೊತ್ತಿಗೆ ರೈಲು ಹುಬ್ಬಳ್ಳಿ ಕಡೆಯಿಂದ ಗೋವಾದ ಮರ್ಮಗೋವಾಕ್ಕೆ ಹೋಯ್ತು, ಸರಕು ಅದರ ಹಿಂದೆ ಹೋಯ್ತು. ಕುಮಟಾ ರೈಲು ಕಂಡದ್ದು ನೂರು ವರ್ಷದ ಮೇಲೆ, ಕೊಂಕಣ ರೈಲ್ವೆ ಬಂದಾಗ.

ಅದಕ್ಕೇ ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರು ಬೇಡ ಅನ್ನೋ ಮೀನುಗಾರರನ್ನು ಅಭಿವೃದ್ಧಿ ವಿರೋಧಿಗಳು ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಬಂದರು ಯಾರ ಸರಕಿಗೆ? ನಾಳೆ ಆ ಸರಕು ದಾರಿ ಬದಲಿಸಿದ್ರೆ ಊರಿಗೆ ಉಳಿಯೋದೇನು? ಕುಮಟಾ ಇದನ್ನು ಒಮ್ಮೆ ಅನುಭವಿಸಿದೆ.