ಲೈಸೆಂಕೊವಾದ

ಸೋವಿಯತ್ ಒಕ್ಕೂಟದಲ್ಲಿ 1930ರ ದಶಕದಿಂದ 1964ರವರೆಗೆ ಪ್ರಭುತ್ವದ ಬೆಂಬಲ ಪಡೆದು, ಮೆಂಡೆಲ್ ಪರಂಪರೆಯ ತಳಿವಿಜ್ಞಾನವನ್ನು ಹತ್ತಿಕ್ಕಿದ ಪಂಥ. ಉಕ್ರೇನಿನ ರೈತ ಕುಟುಂಬದಲ್ಲಿ ಹುಟ್ಟಿದ ಟ್ರೋಫಿಮ್ ಲೈಸೆಂಕೊ (1898–1976) ಇದರ ಮುಂದಾಳು. ಚಳಿಗಾಲದ ಗೋಧಿಯ ಬೀಜವನ್ನು ನೆನೆಸಿ ತಣ್ಣಗಿರಿಸಿದರೆ ವಸಂತದಲ್ಲಿ ಬಿತ್ತಿದರೂ ತೆನೆ ಬರುತ್ತದೆ. ಇದು ಮೊದಲೇ ತಿಳಿದಿದ್ದ ಸಂಗತಿ. ಹೀಗೆ ಪಡೆದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ ಎಂಬುದು ಲೈಸೆಂಕೊ ಸೇರಿಸಿದ ವಾದ. ಈತ 1938ರಲ್ಲಿ ಕೃಷಿ ವಿಜ್ಞಾನಗಳ ಅಕಾಡೆಮಿಯ ಅಧ್ಯಕ್ಷನಾದ. ಎದುರಾಳಿಯಾಗಿದ್ದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1940ರಲ್ಲಿ ಬಂಧಿತನಾಗಿ 1943ರಲ್ಲಿ ಸರಾತೊವ್ ಸೆರೆಮನೆಯಲ್ಲಿ ತೀರಿಕೊಂಡ. 1932–33ರ ಕ್ಷಾಮವನ್ನು ಲೈಸೆಂಕೊನ ತಲೆಗೆ ಕಟ್ಟುವ ಬರಹಗಳು ಕಾಲಕ್ರಮವನ್ನು ತಿರುವುಮುರುವು ಮಾಡುತ್ತವೆ. ಆಗ ಈತನಿಗೆ ಅಂಥ ಅಧಿಕಾರವಿರಲಿಲ್ಲ. ಬಲವಂತದ ಸಾಮೂಹಿಕ ಬೇಸಾಯದಿಂದ ಕೃಷಿ ಕುಸಿದಿದ್ದಾಗ, ಬೇಗ ಫಸಲು ತೆಗೆದು ತೋರಿಸುವೆನೆಂದವನ ಮಾತಿಗೆ ಬೆಲೆ ಬಂದಿತು.

ಮಾರ್ಕ್ಸ್‌ವಾದಿ ತತ್ತ್ವವೇ ತಳಿವಿಜ್ಞಾನವನ್ನು ಬಲಿ ತೆಗೆದುಕೊಂಡಿತು ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಸೋವಿಯತ್ ದಾಖಲೆಗಳು ತೆರೆದ ಮೇಲೆ ಇದು ಸಡಿಲವಾಗಿದೆ. ಕೃಷಿ ವಿಜ್ಞಾನಗಳ ಅಕಾಡೆಮಿಯ 1948ರ ಆಗಸ್ಟ್ ಅಧಿವೇಶನಕ್ಕೆ ಲೈಸೆಂಕೊ ಬರೆದ ಭಾಷಣದ ಕರಡನ್ನು ಸ್ಟಾಲಿನ್ ಸ್ವತಃ ತಿದ್ದಿದ್ದ. ವಿಜ್ಞಾನವೆಲ್ಲ ವರ್ಗಬದ್ಧ ಎಂಬ ಮಾತಿನ ಪಕ್ಕದಲ್ಲಿ ನಕ್ಕು, ಹಾಗಾದರೆ ಗಣಿತದ ಗತಿಯೇನು, ಡಾರ್ವಿನ್‌ವಾದದ ಗತಿಯೇನು ಎಂದು ಬರೆದಿದ್ದ. ವಿಜ್ಞಾನದ ಇತಿಹಾಸಕಾರ ಕಿರಿಲ್ ರೊಸ್ಸಿಯಾನೊವ್ 1993ರಲ್ಲಿ ಇದನ್ನು ಬೆಳಕಿಗೆ ತಂದ. ಸಿದ್ಧಾಂತದ ಮಾತನ್ನು ಅಳಿಸಿದ ಕೈಯೇ ಲೈಸೆಂಕೊನನ್ನು ಗೆಲ್ಲಿಸಿತು: ತನ್ನ ವರದಿಯನ್ನು ಪಕ್ಷದ ಕೇಂದ್ರ ಸಮಿತಿ ಒಪ್ಪಿದೆ ಎಂದು ಈತ ಅಧಿವೇಶನದ ಕೊನೆಯ ದಿನ ಸಾರಿದೊಡನೆ ವಾದ ಮುಗಿಯಿತು. ಆದ್ದರಿಂದ ಇಲ್ಲಿ ನಿರ್ಣಾಯಕವಾದದ್ದು ಯಾವ ತತ್ತ್ವ ಎಂಬುದಕ್ಕಿಂತ, ಪ್ರಯೋಗದ ಸರಿತಪ್ಪನ್ನು ತೀರ್ಮಾನಿಸುವ ಹಕ್ಕು ಯಾರ ಕೈ ಸೇರಿತು ಎಂಬುದು.

ಹಾಗೆಂದರೆ ತತ್ತ್ವಕ್ಕೆ ಪಾಲೇ ಇಲ್ಲವೆ ಎಂಬ ಆಕ್ಷೇಪ ಸಹಜ. ಪಾಲಿದೆ. ಲೈಸೆಂಕೊನ ಸಹಚರನಾಗಿದ್ದ ತತ್ತ್ವಜ್ಞ ಐಸಾಕ್ ಪ್ರೆಜೆಂಟ್ ದ್ವಂದ್ವಾತ್ಮಕ ಭೌತವಾದದ ಪರಿಭಾಷೆಯನ್ನು ಒದಗಿಸಿ, ತಳಿವಿಜ್ಞಾನಿಗಳಿಗೆ ವರ್ಗಶತ್ರುಗಳ ಹಣೆಪಟ್ಟಿ ಹಚ್ಚಲು ನೆರವಾದ. ಆದರೆ ಮಾಸ್ಕೊದಲ್ಲಿ ಕೆಲಸ ಮಾಡಿದ ಸಮಾಜವಾದಿ ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಅದೇ ತತ್ತ್ವದ ನೆಲೆಯಿಂದ ವಂಶವಾಹಿಯನ್ನು ಸಮರ್ಥಿಸಿದ್ದ. ಭೌತವಿಜ್ಞಾನದ ಮೇಲೂ ಇಂಥದೇ ದಾಳಿಗೆ ಸಿದ್ಧತೆ ನಡೆದಿತ್ತು. ಅಣುಬಾಂಬಿನ ಕೆಲಸ ಭರದಿಂದ ಸಾಗಿದ್ದ 1949ರಲ್ಲಿ ಅದಕ್ಕಾಗಿ ಕರೆಯಬೇಕಿದ್ದ ಸಮ್ಮೇಳನ ರದ್ದಾಯಿತು. ಒಂದೇ ತತ್ತ್ವದಿಂದ ಎರಡು ಫಲ ಬಂದಿರುವಾಗ, ಅದನ್ನೇ ಸಾಕಷ್ಟು ಕಾರಣವೆನ್ನಲಾಗದು. 1955ರಲ್ಲಿ ಸುಮಾರು 300 ವಿಜ್ಞಾನಿಗಳು ಸಹಿ ಮಾಡಿ ಕಳಿಸಿದ ಪತ್ರದ ಬಳಿಕ ಲೈಸೆಂಕೊ 1956ರಲ್ಲಿ ಕೃಷಿ ಅಕಾಡೆಮಿಯ ಅಧ್ಯಕ್ಷಸ್ಥಾನ ಬಿಟ್ಟರೂ ಈತನ ಪ್ರಭಾವ ಅಳಿಯಲಿಲ್ಲ. 1964ರಲ್ಲಿ ಈತನ ಬೆಂಬಲಕ್ಕಿದ್ದ ಸೋವಿಯತ್ ನಾಯಕ ಕ್ರುಶ್ಚೆವ್ ಪದಚ್ಯುತನಾದ ಮೇಲಷ್ಟೇ ವಿಜ್ಞಾನ ಅಕಾಡೆಮಿಯ ತನಿಖಾ ತಂಡ ಈತನ ಹೈನುಗಾರಿಕೆಯ ಲೆಕ್ಕಪತ್ರಗಳನ್ನು ಪರಿಶೀಲಿಸಿತು, ಹಾಲಿನ ಕೊಬ್ಬು ಹೆಚ್ಚಿಸಿದೆನೆಂಬ ಹೇಳಿಕೆಯ ಟೊಳ್ಳುತನವನ್ನು ಹೊರಗೆಡಹಿತು.

ಇತ್ತೀಚೆಗೆ ರಷ್ಯಾದಲ್ಲಿ ಕೆಲವರು ವಂಶವಾಹಿಯ ಅನುಕ್ರಮ ಬದಲಾಗದೆ ಅದರ ಚಟುವಟಿಕೆ ಬದಲಾಗುವುದನ್ನು ಅಭ್ಯಸಿಸುವ ಎಪಿಜೆನೆಟಿಕ್ಸ್ ಹೆಸರಿನಲ್ಲಿ ಲೈಸೆಂಕೊನ ಮರುಸ್ಥಾಪನೆಗೆ ಹೊರಟಿದ್ದಾರೆ. ವಿಜ್ಞಾನದ ಇತಿಹಾಸಕಾರ ಲೊರೆನ್ ಗ್ರಹಾಂ 2016ರ ತನ್ನ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದಾನೆ. ಚಳಿ ಗಿಡದಲ್ಲಿ ನೆನಪು ಉಳಿಸುವುದು ನಿಜ: ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್‌ನಲ್ಲಿ ಹೂ ಬಿಡುವುದನ್ನು ತಡೆಯುವ ಎಫ್‌ಎಲ್‌ಸಿ ವಂಶವಾಹಿ ಚಳಿಗೆ ಸುಮ್ಮನಾಗುತ್ತದೆ. ಆದರೆ ಬೀಜ ಕಟ್ಟುವ ಹೊತ್ತಿಗೆ ಆ ಗುರುತು ಅಳಿದು, ಮರಿ ಗಿಡಕ್ಕೆ ಮತ್ತೆ ಚಳಿಗಾಲ ಬೇಕಾಗುತ್ತದೆ. ಪರಿಸರದ ಪ್ರಭಾವ ಪೀಳಿಗೆ ದಾಟುವ ನಿದರ್ಶನಗಳು ಬೇರೆಡೆ ಇದ್ದರೂ, ಲೈಸೆಂಕೊ ಗೋಧಿಯ ಬಗ್ಗೆ ಹೇಳಿದ್ದಕ್ಕೆ ಅವು ಪುರಾವೆಯಾಗುವುದಿಲ್ಲ.