ಕೃಷಿ ಹೊಂಡದ ಪಾಲಿಥೀನ್ ಹೊದಿಕೆ ಹರಿದಲ್ಲಿ ಕೈಗೊಳ್ಳಬೇಕಾದ ದುರಸ್ತಿ ಕ್ರಮಗಳು
(ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ರೈತ ಬಾಂಧವರ ಮಾಹಿತಿಗಾಗಿ)

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿಯೂ, ಇವುಗಳಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ಹುಲಸೂರು ಮತ್ತು ಚಿಟಗುಪ್ಪಾಗಳಲ್ಲಿಯೂ ಬೇಸಾಯವು ಬಹುಪಾಲು ಮಳೆಯನ್ನೇ ಆಶ್ರಯಿಸಿದೆ. ಜೂನ್ ತಿಂಗಳಲ್ಲಿ ಬಿತ್ತಿದ ತೊಗರಿಯು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮುಂಗಾರು ಹಿಂದೆ ಸರಿದಿರುತ್ತದೆ. ಆ ಹಂತದಲ್ಲಿ ಒಂದು ಸಲ ನೀರು ಕೊಡಲು ಸಾಧ್ಯವಾದರೆ ಬೆಳೆ ಕೈಗೆ ಬರುತ್ತದೆ. ಈ ಉದ್ದೇಶಕ್ಕಾಗಿಯೇ ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಹೊಂಡ, ಅದಕ್ಕೆ ಪಾಲಿಥೀನ್ ಹೊದಿಕೆ, ನೀರೆತ್ತುವ ಪಂಪ್ ಹಾಗೂ ತುಂತುರು ಅಥವಾ ಹನಿ ನೀರಾವರಿ ಘಟಕಗಳನ್ನು ಒಟ್ಟಾಗಿ ಸೇರಿಸಲಾಗಿತ್ತು. ಹೊದಿಕೆಯಲ್ಲಿ ಸೀಳು ಬಿದ್ದಾಗ ಉಳಿದ ಘಟಕಗಳೆಲ್ಲವೂ ನಿರುಪಯುಕ್ತವಾಗುತ್ತವೆ.

ಸೋರಿಕೆಯಿಂದಾಗುವ ನಷ್ಟ

ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ ಹಾಗೂ 3 ಮೀಟರ್ ಆಳವಿದ್ದು, ಬದಿಗಳು 1:1 ಇಳಿಜಾರಿನಲ್ಲಿರುವ ಹೊಂಡವು ತುಂಬಿದಾಗ 2,52,000 ಲೀಟರ್ ನೀರನ್ನು ಹಿಡಿಯುತ್ತದೆ. ಈ ನೀರನ್ನು 50 ಮಿಲಿಮೀಟರ್ ಆಳಕ್ಕೆ ಹಾಯಿಸಿದಲ್ಲಿ ಸುಮಾರು 1 ಎಕರೆ 10 ಗುಂಟೆ ತೊಗರಿಗೆ ಒಂದು ಸಲ ಸಾಕಾಗುತ್ತದೆ. ಆವಿಯಾಗುವುದನ್ನು ಬಿಟ್ಟು ದಿನಕ್ಕೆ ಕೇವಲ 2 ಸೆಂಟಿಮೀಟರಿನಂತೆ ನೀರು ಇಳಿಯುತ್ತಿದೆ ಎಂದಿಟ್ಟುಕೊಂಡರೂ ಒಂದು ತಿಂಗಳಿನಲ್ಲಿ ಸುಮಾರು 78,000 ಲೀಟರ್, ಅಂದರೆ ಹೊಂಡದ ಮೂರನೆಯ ಒಂದು ಭಾಗಕ್ಕೆ ಸಮೀಪದ ನೀರು ಭೂಮಿಯ ಪಾಲಾಗುತ್ತದೆ. ದಿನನಿತ್ಯದ ಇಳಿಕೆ ಅಲ್ಪವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಪಂಪ್ ಹಚ್ಚುವ ದಿನವೇ ಹೊಂಡದಲ್ಲಿ ನೀರಿಲ್ಲವೆಂಬುದು ತಿಳಿಯುತ್ತದೆ.

ಈ ಭಾಗದ ಮಣ್ಣು ಮತ್ತು ಹೊದಿಕೆ

ಹುಮನಾಬಾದ್ ಕಡೆಯ ಎತ್ತರದ ಪ್ರದೇಶಗಳಲ್ಲಿ ಜಂಬಿಟ್ಟಿಗೆ ಹಾಗೂ ಕೆಂಪು ಗರಸು ಮಣ್ಣಿದೆ. ಜಂಬಿಟ್ಟಿಗೆಯು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುತ್ತದೆ. ಬೀದರ ನಗರದಲ್ಲಿ ಬಹಮನಿ ಅರಸರ ಕಾಲದಲ್ಲಿ ನಿರ್ಮಾಣವಾದ ಸುರಂಗ ಬಾವಿಗಳು, ಜಂಬಿಟ್ಟಿಗೆಯ ಮೂಲಕ ಇಳಿದು ಬರುವ ನೀರನ್ನೇ ನೆಲದಡಿಯಲ್ಲಿ ಹಿಡಿದು ಸಾಗಿಸುವ ವ್ಯವಸ್ಥೆಗಳಾಗಿವೆ. ಬಾವಿಗೆ ಉಪಕಾರಿಯಾದ ಈ ಗುಣವು ಹೊಂಡಕ್ಕೆ ಅಪಕಾರಿ. ಇಂತಹ ನೆಲದಲ್ಲಿ ಹೊದಿಕೆಯಿಲ್ಲದೆ ನೀರು ನಿಲ್ಲದು. ಜೊತೆಗೆ ಗರಸಿನ ಚೂಪಾದ ಕಲ್ಲುಗಳು ನೀರಿನ ಭಾರಕ್ಕೆ ಹಾಳೆಯನ್ನು ಕೆಳಗಿನಿಂದ ಚುಚ್ಚುತ್ತವೆ.

ಬಸವಕಲ್ಯಾಣ ಕಡೆಯ ತಗ್ಗು ಪ್ರದೇಶದ ಎರೆಮಣ್ಣಿನ ಸ್ವಭಾವ ಬೇರೆ. ಅದು ಹಸಿಯಿದ್ದಾಗ ಉಬ್ಬಿ ಬಿಗಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಖಾಲಿ ಹೊಂಡದ ಹಾಳೆಯ ಕೆಳಗೆ ಬಿರುಕುಗಳು ತೆರೆದುಕೊಂಡು, ಮುಂದಿನ ಮಳೆಗೆ ನೀರು ತುಂಬಿದಾಗ ಹಾಳೆಯು ಆ ಬಿರುಕಿನೊಳಕ್ಕೆ ಕುಸಿದು ಸೀಳುತ್ತದೆ. ಆದ್ದರಿಂದ ಎರೆಭೂಮಿಯ ಹೊಂಡವನ್ನು ಬೇಸಿಗೆಯಲ್ಲಿ ಪೂರ್ಣ ಬರಿದು ಮಾಡದೆ, ಸಾಧ್ಯವಿದ್ದಲ್ಲಿ ತಳದಲ್ಲಿ ಒಂದು ಅಡಿಯಷ್ಟಾದರೂ ನೀರು ಉಳಿಸಿಕೊಳ್ಳುವುದು ಸೂಕ್ತ. ಬಿಸಿಲಿಗೆ ಹಾಳೆ ಸೊರಗುವುದೂ ಇದರಿಂದ ಕಡಿಮೆಯಾಗುತ್ತದೆ.

ಇವುಗಳ ಹೊರತಾಗಿ ದನಗಳ ಗೊರಸು, ನಾಯಿ ಹಾಗೂ ಹಂದಿಗಳ ಓಡಾಟ, ಇಲಿ, ಏಡಿ, ದಂಡೆಯ ಮೇಲಿನ ಗಿಡಗಳ ಬೇರು ಇವೂ ಹಾನಿಗೆ ಕಾರಣಗಳು. ಸಲಿಕೆಯಿಂದ ಹೂಳೆತ್ತುವಾಗ ತಳವನ್ನು ಸೀಳಿ, ಅಪವಾದವನ್ನು ಇಲಿಯ ಮೇಲೆ ಹೊರಿಸುವುದೂ ಉಂಟು. ಹೂಳನ್ನು ಪೊರಕೆ ಹಾಗೂ ಪ್ಲಾಸ್ಟಿಕ್ ಬುಟ್ಟಿಗಳಿಂದಲೇ ತೆಗೆಯತಕ್ಕದ್ದು.

ಹೊಂಡಕ್ಕೆ ಇಳಿಯುವ ಮುನ್ನ

ಹೊದಿಕೆಯಿರುವ ಹೊಂಡವು ಸಾಮಾನ್ಯ ಹೊಂಡಕ್ಕಿಂತ ಹೆಚ್ಚು ಅಪಾಯಕಾರಿ. ಒದ್ದೆಯಾದ ಹಾಳೆಯ ಮೇಲೆ, ಅದರಲ್ಲೂ ಪಾಚಿ ಕಟ್ಟಿದ್ದಲ್ಲಿ, ಕಾಲು ನಿಲ್ಲುವುದಿಲ್ಲ. ಹಿಡಿದುಕೊಳ್ಳಲು ಹುಲ್ಲಾಗಲಿ ಕಲ್ಲಾಗಲಿ ಇರುವುದಿಲ್ಲ. ಈಜು ಬಲ್ಲವರೂ ದಂಡೆ ಹತ್ತಲಾರದೆ ದಣಿದು ಮುಳುಗುತ್ತಾರೆ. ಇಂತಹ ಹೊಂಡಗಳಲ್ಲಿ ಮಕ್ಕಳು, ಅವರನ್ನು ಉಳಿಸಲು ಇಳಿದ ಹಿರಿಯರು ಪ್ರಾಣ ಕಳೆದುಕೊಂಡ ಪ್ರಕರಣಗಳು ರಾಜ್ಯದಲ್ಲಿ ವರದಿಯಾಗಿವೆ.

ಆದ್ದರಿಂದ ದುರಸ್ತಿಗೆ ಒಬ್ಬರೇ ಇಳಿಯಕೂಡದು. ದಂಡೆಯ ಮೇಲೆ ಒಬ್ಬರು ಕಡ್ಡಾಯವಾಗಿ ಇರಬೇಕು. ಒಂದೂವರೆ ಅಡಿಗೊಂದರಂತೆ ಗಂಟು ಹಾಕಿದ ದಪ್ಪ ಹಗ್ಗವನ್ನು ದಂಡೆಯಾಚೆಯ ಗಟ್ಟಿ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಬೇಕು. ಕೆಲಸ ಮುಗಿದ ಮೇಲೂ ಈ ಹಗ್ಗವನ್ನು ತೆಗೆಯದೆ, ಎದುರು ಬದಿಗೂ ಅಂತಹುದೇ ಇನ್ನೊಂದನ್ನು ಕಟ್ಟಿ, ಗಾಳಿ ತುಂಬಿದ ಲಾರಿ ಟ್ಯೂಬೊಂದನ್ನು ಹೊಂಡದ ಬಳಿ ಇಡುವುದು ಒಳಿತು. ಸುತ್ತಲೂ ತಂತಿ ಬೇಲಿ ಅವಶ್ಯ.

ಸೋರಿಕೆಯನ್ನು ಪತ್ತೆ ಮಾಡುವುದು

ನೀರು ಇಳಿಯುತ್ತಿದೆ ಎಂದಾಕ್ಷಣ ಹಾಳೆ ಹರಿದಿದೆ ಎಂದು ತೀರ್ಮಾನಿಸಲಾಗದು. ಬೇಸಿಗೆಯಲ್ಲಿ ಈ ಭಾಗದ ತೆರೆದ ನೀರಿನಿಂದ ದಿನಕ್ಕೆ ಸುಮಾರು 8ರಿಂದ 10 ಮಿಲಿಮೀಟರ್ ಆವಿಯಾಗುತ್ತದೆ. ಒಂದು ಬಕೆಟ್ಟಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಹಗ್ಗದಿಂದ ಕಟ್ಟಿ ಹೊಂಡದ ನೀರಿನಲ್ಲಿಯೇ ತೇಲಬಿಡಬೇಕು. ಬಕೆಟ್ಟಿನ ಒಳಗಿನ ಮಟ್ಟವನ್ನೂ ಹೊಂಡದ ಮಟ್ಟವನ್ನೂ ಗುರುತಿಸಿ, ಮಳೆಯಿಲ್ಲದ ಎರಡು ದಿನ ಬಿಟ್ಟು ಅಳೆಯಬೇಕು. ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಪಾಲು. ಹೊಂಡದ ಮಟ್ಟ ಹೆಚ್ಚು ಇಳಿದಿದ್ದರೆ ಸೋರಿಕೆ ಖಚಿತ.

ಸೋರುವ ಹೊಂಡದಲ್ಲಿ ನೀರಿನ ಇಳಿಕೆಯು ಒಂದು ಮಟ್ಟಕ್ಕೆ ಬಂದು ನಿಂತರೆ ಸೀಳು ಆ ಮಟ್ಟದಲ್ಲಿಯೇ, ನಾಲ್ಕು ಬದಿಗಳಲ್ಲಿ ಎಲ್ಲಿಯಾದರೂ ಇರುತ್ತದೆ. ನೀರಂಚಿನಿಂದ ಒಂದು ಗೇಣು ಮೇಲೆ ಕೆಳಗೆ ಸುತ್ತಲೂ ಕೈಯಾಡಿಸಿ ನೋಡಬೇಕು. ಸಂಶಯವಿದ್ದ ಕಡೆ ಕೆಮ್ಮಣ್ಣು ಕದಡಿದ ನೀರನ್ನು ನಿಧಾನವಾಗಿ ಬಿಟ್ಟರೆ ಅದು ರಂಧ್ರದ ಕಡೆಗೆ ಎಳೆದುಕೊಂಡು ಹೋಗುವುದು ಕಾಣುತ್ತದೆ. ನೀರು ಎಲ್ಲಿಯೂ ನಿಲ್ಲದೆ ಪೂರ್ಣ ಇಳಿದುಹೋದಲ್ಲಿ ಸೀಳು ತಳದಲ್ಲಿದೆ ಎಂದರ್ಥ. ಆಗ ಹೂಳು ತೆಗೆಯದೆ ಅನ್ಯ ಮಾರ್ಗವಿಲ್ಲ.

ಹಾಳೆಯ ಪರೀಕ್ಷೆ

ಹೊಂಡಗಳಿಗೆ ಸಾಮಾನ್ಯವಾಗಿ ಬಳಸುವುದು ನೇಯ್ಗೆಯ ಮೇಲೆ ಪಾಲಿಥೀನ್ ಲೇಪಿಸಿದ ಹಾಳೆ. ಇದಕ್ಕೆ ಐಎಸ್ 15351 ಮಾನಕವಿದೆ. ಹಾಳೆಯ ಒಂದು ಅಂಚನ್ನು ಮಡಚಿ ಉಗುರಿನಿಂದ ಒತ್ತಿದಾಗ ಮಡಿಕೆಯಲ್ಲಿ ಬಿರುಕು ಕಂಡರೆ, ಇಲ್ಲವೆ ಲೇಪನವು ಪುಡಿಯಾಗಿ ಉದುರಿದರೆ, ಆ ಹಾಳೆಯ ಆಯುಷ್ಯ ಮುಗಿದಿದೆ. ಅಂತಹ ಹಾಳೆಗೆ ತೇಪೆ ಹಾಕಿದರೆ ತೇಪೆ ಉಳಿದು ಅದರ ಪಕ್ಕವೇ ಹರಿಯುತ್ತದೆ. ಹಾಳೆಯೊಂದಿಗೆ ಖಾತರಿ ಪತ್ರ ನೀಡಿದ್ದಲ್ಲಿ, ಕತ್ತರಿ ಹಚ್ಚುವ ಮುನ್ನ ಅದರ ಅವಧಿ ಹಾಗೂ ಷರತ್ತುಗಳನ್ನು ಪರಿಶೀಲಿಸತಕ್ಕದ್ದು.

ದುರಸ್ತಿ ವಿಧಾನ

ಪಾಲಿಥೀನಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಸೈಕಲ್ ಟ್ಯೂಬಿನ ಸಲ್ಯೂಷನ್, ಬಡಗಿಯ ಅಂಟು, ಪಿವಿಸಿ ಪೈಪಿನ ಅಂಟು ಇವು ಯಾವುವೂ ಕೆಲಸಕ್ಕೆ ಬಾರವು. ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತವೆ. ಸೂಜಿ ದಾರದಿಂದ ಹೊಲಿದಲ್ಲಿ ಒಂದು ಸೀಳಿನ ಬದಲು ನೂರು ರಂಧ್ರಗಳಾಗುತ್ತವೆ. ಪಾಲಿಥೀನನ್ನು ಪಾಲಿಥೀನಿನೊಂದಿಗೆ ಕರಗಿಸಿ ಬೆಸೆಯುವುದೊಂದೇ ಬಾಳಿಕೆಯ ಕ್ರಮ.

ಮೊದಲಿಗೆ ಸೀಳಿನ ಕೆಳಗಿನ ನೆಲವನ್ನು ಸರಿಪಡಿಸಬೇಕು. ಚುಚ್ಚಿದ ಕಲ್ಲು ಅಥವಾ ಬೇರನ್ನು ಕಿತ್ತು, ಗುಳಿಗೆ ಜರಡಿ ಹಿಡಿದ ಮಣ್ಣು ತುಂಬಿ ಸಮ ಮಾಡಿ ಒತ್ತಬೇಕು. ಇದನ್ನು ಬಿಟ್ಟು ಮೇಲೆ ಎಷ್ಟು ಚೆನ್ನಾಗಿ ತೇಪೆ ಹಾಕಿದರೂ ಅದೇ ಕಲ್ಲು ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ.

ಸೀಳಿನ ಎರಡೂ ತುದಿಗಳಲ್ಲಿ ಸಣ್ಣ ದುಂಡು ರಂಧ್ರ ಕತ್ತರಿಸಿದಲ್ಲಿ ಅದು ಮುಂದೆ ಓಡುವುದು ನಿಲ್ಲುತ್ತದೆ. ತೇಪೆಯು ಅದೇ ಬಗೆಯ, ಅದೇ ದಪ್ಪದ ಹಾಳೆಯಾಗಿದ್ದು, ಸೀಳನ್ನು ಎಲ್ಲ ಕಡೆಯೂ 15 ಸೆಂಟಿಮೀಟರ್ ಮೀರಿರಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆಯೇ ಮೊದಲು ಏಳುವುದು. ಹಾಳೆ ಮತ್ತು ತೇಪೆಯ ಕೂಡುವ ಮುಖಗಳನ್ನು ತೊಳೆದು, ಪೂರ್ಣ ಒಣಗಿಸಿ, ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಹಗುರವಾಗಿ ಉಜ್ಜಬೇಕು. ಲೇಪನ ಸವೆದು ನೇಯ್ಗೆ ಕಾಣಬಾರದು.

ಬಳಿಕ ಬಿಸಿಗಾಳಿ ಗನ್ನಿನ ಮೂತಿಯನ್ನು ತೇಪೆ ಹಾಗೂ ಹಾಳೆಯ ನಡುವೆ ಇರಿಸಿ, ಎರಡೂ ಮುಖಗಳು ಮೆತ್ತಗಾಗಿ ಮಿನುಗತೊಡಗಿದಾಗ ಹಿಂದೆಯೇ ರಬ್ಬರ್ ರೋಲರಿನಿಂದ ಒತ್ತುತ್ತ ಸಾಗಬೇಕು. ಮಧ್ಯದಿಂದ ಅಂಚಿನ ಕಡೆಗೆ ಒತ್ತಿದಲ್ಲಿ ಗಾಳಿ ಒಳಗುಳಿಯದು. ಹೊಗೆ ಎದ್ದರೆ ಅಥವಾ ಹಾಳೆ ಮುದುಡಿದರೆ ಶಾಖ ಹೆಚ್ಚಾಯಿತೆಂದು ತಿಳಿಯಬೇಕು. ಗನ್ನಿನ ಮೇಲೆ ಬರೆದ ಅಂಕಿಗಳನ್ನು ನಂಬುವುದಕ್ಕಿಂತ, ಉಳಿದ ತುಂಡುಗಳ ಮೇಲೆ ಮೊದಲು ಬೆಸೆದು, ತಣಿದ ಮೇಲೆ ಕೈಯಿಂದ ಎಳೆದು ನೋಡುವುದು ಉತ್ತಮ. ಬೆಸುಗೆ ಬಿಡದೆ ಹಾಳೆಯೇ ಹರಿದರೆ ಶಾಖ ಸರಿಯಾಗಿದೆ ಎಂದರ್ಥ. ಈ ಉಪಕರಣಕ್ಕೆ 1,500 ವ್ಯಾಟಿಗೂ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ವೈರಿನ ಜೋಡಣೆಗಳು ದಂಡೆಯ ಮೇಲಿನ ಒಣ ನೆಲದಲ್ಲಿಯೇ ಇರತಕ್ಕದ್ದು, ನೀರಿನಲ್ಲಿ ನಿಂತು ಬಳಸಲೇಬಾರದು. ತಾಡಪತ್ರಿ ಬೆಸೆಯುವವರಲ್ಲಿ ಇದು ಇರುವುದರಿಂದ ಅವರನ್ನೇ ಹೊಲಕ್ಕೆ ಕರೆಯಿಸಿಕೊಳ್ಳುವುದು ಅನೇಕ ಸಲ ಅಗ್ಗವಾಗುತ್ತದೆ.

ಕೆಲಸಕ್ಕೆ ಬೆಳಗಿನ ಹೊತ್ತು ಪ್ರಶಸ್ತ. ನಡುಹಗಲಿನ ಬಿಸಿಲಿಗೆ ಹಾಳೆ ಹಿಗ್ಗಿ ಸುಕ್ಕುಗಟ್ಟಿರುತ್ತದೆ. ಆಗ ಹಾಕಿದ ತೇಪೆಯನ್ನು ರಾತ್ರಿಯ ತಂಪಿಗೆ ಕುಗ್ಗುವ ಹಾಳೆ ಜಗ್ಗುತ್ತದೆ. ತಣಿದ ಮೇಲೆ ಮೊಂಡಾದ ಸ್ಕ್ರೂಡ್ರೈವರ್ ತುದಿಯನ್ನು ತೇಪೆಯ ಅಂಚಿನುದ್ದಕ್ಕೂ ಮೆಲ್ಲಗೆ ಎಳೆದು, ತುದಿ ಒಳನುಗ್ಗಿದ ಕಡೆ ಮತ್ತೆ ಬೆಸೆಯಬೇಕು.

ಮಳೆಗಾಲದ ನಡುವೆ ಸೀಳು ಕಂಡಲ್ಲಿ

ಹೊಂಡವನ್ನು ಬರಿದು ಮಾಡುವುದು ಆಗ ವಿವೇಕವಲ್ಲ. ಸೀಳಿನ ಮಟ್ಟಕ್ಕಿಂತ ಒಂದು ಅಡಿ ಕೆಳಗಿನವರೆಗೆ ಮಾತ್ರ ನೀರನ್ನು ಬೆಳೆಗೆ ಅಥವಾ ಬಾವಿಗೆ ಹಾಯಿಸಿ, ಒರೆಸಿ ಒಣಗಿಸಿದ ಹಾಳೆಯ ಮೇಲೆ ಬ್ಯುಟೈಲ್ ರಬ್ಬರ್ ಟೇಪನ್ನು ಸೀಳಿನಿಂದ 10 ಸೆಂಟಿಮೀಟರ್ ಮೀರುವಂತೆ ಅಂಟಿಸಿ ರೋಲರಿನಿಂದ ಒತ್ತಬೇಕು. ಅಂಟಿನ ಟೇಪುಗಳಲ್ಲಿ ಪಾಲಿಥೀನಿಗೆ ತಕ್ಕಮಟ್ಟಿಗೆ ಹಿಡಿಯುವುದು ಇದು. ಇದು ಆ ಹಂಗಾಮಿನ ಮಟ್ಟಿನ ವ್ಯವಸ್ಥೆ. ನೀರು ಖಾಲಿಯಾದ ಮೇಲೆ ಕಿತ್ತು ಬೆಸುಗೆ ಹಾಕಿಸತಕ್ಕದ್ದು.

ಮಳೆ ಜೋರಾದಾಗ ಹಾಳೆಯ ಕೆಳಗೆ ನೀರು ಸೇರಿ ತಳವು ಹೊಟ್ಟೆಯಂತೆ ಉಬ್ಬುವುದುಂಟು. ಅದನ್ನು ಚುಚ್ಚಿ ಬಿಡಿಸಬಾರದು. ಹೊಂಡದೊಳಕ್ಕೆ ನೀರು ತುಂಬಿದಂತೆ ಅದರ ಭಾರಕ್ಕೆ ಉಬ್ಬು ತಾನಾಗಿಯೇ ಇಳಿಯುತ್ತದೆ. ದಂಡೆಯ ಹೊರಗೆ ಬಸಿಗಾಲುವೆ ತೆಗೆದಲ್ಲಿ ಮತ್ತೆ ಉಬ್ಬುವುದು ಕಡಿಮೆಯಾಗುತ್ತದೆ.

ದುರಸ್ತಿಯ ನಂತರ

ಮೊದಲು ಅರ್ಧ ಮೀಟರ್ ನೀರು ನಿಲ್ಲಿಸಿ ಬಕೆಟ್ ಪರೀಕ್ಷೆಯನ್ನು ಪುನಃ ಮಾಡಬೇಕು. ಬದಿಯ ತೇಪೆಗಳಿದ್ದಲ್ಲಿ ನೀರು ಅವುಗಳ ಮೇಲಕ್ಕೆ ಏರಿದಾಗ ಇನ್ನೊಮ್ಮೆ ಮಾಡಬೇಕಾಗುತ್ತದೆ. ಹಾಳೆಯ ಅಂಚನ್ನು ಹೂತ ದಂಡೆಯ ಕಂದಕದಲ್ಲಿ ಮಣ್ಣು ಕೊಚ್ಚಿಹೋಗಿದ್ದರೆ ಮತ್ತೆ ತುಂಬಿ ತುಳಿಯಬೇಕು. ಹಾಳೆಯನ್ನು ಬಿಗಿಯಾಗಿ ಎಳೆಯದೆ ತುಸು ಸಡಿಲ ಉಳಿಸಬೇಕು. ಉಳಿದ ಹಾಳೆಯ ತುಂಡುಗಳನ್ನು ಸುತ್ತಿ, ಬಿಸಿಲು ಮತ್ತು ಇಲಿ ತಾಗದ ಕಡೆ ಇಟ್ಟುಕೊಂಡಲ್ಲಿ ಮುಂದಿನ ತೇಪೆಗೆ ಅದೇ ಬಗೆಯ ಹಾಳೆಯನ್ನು ಹುಡುಕಿ ಅಲೆಯಬೇಕಾಗಿಲ್ಲ. ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.